ಭೂ ಪರಿವರ್ತನೆಗೆ ಮುನ್ನ ಕಾನಿನ ಗಡಿ ಗುರುತಿಸಿ

ಮಲೆನಾಡಿನ ಕೃಷಿ ಜಮೀನನ್ನು ನಿವೇಶನಕ್ಕೋ ಹೋಮ್‌ಸ್ಟೇಗೋ ಪರಿವರ್ತಿಸಬೇಕೆಂದು ಕಡತ ಹಿಡಿದು ಬರುವವರನ್ನು ನಾನು ಮೊದಲು ಕೇಳುವುದು, ಆ ಸರ್ವೆ ನಂಬರಿನಲ್ಲಿ ಇಂದು ಏನೇನು ಬೆಳೆದು ನಿಂತಿದೆ ಎಂದು. ಪಹಣಿಯಲ್ಲಿ ತರಿ (ಗದ್ದೆ), ಖುಷ್ಕಿ (ಮಳೆಯಾಶ್ರಿತ ಒಣಭೂಮಿ), ಬಾಗಾಯ್ತು (ತೋಟ) ಎಂದಷ್ಟೇ ಇರುತ್ತದೆ. ಅದೇ ನಂಬರಿನ ಮೇಲ್ಭಾಗದಲ್ಲಿ ರಾಮಪತ್ರೆ, ಉಪ್ಪಾಗೆ, ಮುರುಗಲು, ಬೈನೆ ಮರಗಳ ಅರ್ಧ ಎಕರೆ ಕಾನು, ಅಂದರೆ ನಿತ್ಯಹರಿದ್ವರ್ಣದ ಹಳೆಯ ಕಾಡಿನ ತುಣುಕು, ಉಳಿದಿದ್ದರೂ, ಕೆಳಗಿನ ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ನೀರು ಬರುವುದು ಆ ಕಾನಿನ ಬುಡದಿಂದಲೇ ಆಗಿದ್ದರೂ, ದಾಖಲೆಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಜಿಲ್ಲಾಧಿಕಾರಿಯವರು ನೀಡುವ ಪರಿವರ್ತನೆ ಆದೇಶವು ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಕೊಡುವ ಅನುಮತಿ ಮಾತ್ರ. ಅದು ಮರ ಕಡಿಯುವ ಪರವಾನಗಿಯಲ್ಲ. ಮರಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರತ್ಯೇಕವಾಗಿದೆ. ಜಮೀನು ಯೋಜನಾ ಪ್ರದೇಶದೊಳಗಿದ್ದು, ಮಹಾ ಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಕೃಷಿ ವಲಯವೆಂದು ತೋರಿಸಿದ್ದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಡಿ ಭೂ ಬಳಕೆ ಬದಲಾವಣೆಯೂ ಬೇಕಾಗುತ್ತದೆ. ಇವುಗಳಿಗಿಂತ ಗಂಭೀರವಾದದ್ದು ಅರಣ್ಯದ ಪ್ರಶ್ನೆ. ಅರಣ್ಯ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಆ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯ ನಂತರವೂ, 2024ರ ಫೆಬ್ರುವರಿಯ ಮಧ್ಯಂತರ ಆದೇಶದಲ್ಲಿ ಅದೇ ಅರ್ಥವನ್ನು ಪಾಲಿಸುವಂತೆ ನ್ಯಾಯಾಲಯ ಸೂಚಿಸಿದೆ. ಹಿಡುವಳಿ ಜಮೀನೆಂಬ ಒಂದೇ ಕಾರಣಕ್ಕೆ ಕಾನಿನ ವಿಷಯದಲ್ಲಿ ನಿಶ್ಚಿಂತರಾಗಿರುವುದು ಆದ್ದರಿಂದ ತಪ್ಪು.

ಇನ್ನೊಂದು ಗೊಂದಲವಂತೂ ಪ್ರತಿ ವರ್ಷ ಎದುರಾಗುತ್ತದೆ. ತೋಟಕ್ಕೆ ಹೊಂದಿಕೊಂಡ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನೂ ಕಾನನ್ನೂ ತಲೆಮಾರುಗಳಿಂದ ನೋಡಿಕೊಂಡು ಬಂದ ಕುಟುಂಬಗಳು ಅದು ತಮ್ಮದೇ ಎಂದು ಭಾವಿಸುವುದು ಸಹಜ, ಮತ್ತು ಅವುಗಳನ್ನು ಇಷ್ಟು ಕಾಲ ಕಾಪಾಡಿದವರೂ ಬಹುಪಾಲು ಅವರೇ ಎಂಬುದನ್ನು ನಾನು ಗೌರವದಿಂದ ಒಪ್ಪುತ್ತೇನೆ. ಆದರೆ ಭೂ ಕಂದಾಯ ಕಾಯ್ದೆಯ 79ನೇ ಕಲಂ ಕುಮ್ಕಿ, ಬಾಣೆ, ಬೆಟ್ಟ, ಹಾಡಿ, ಕಾನು ಎಂದು ಕರೆಯುವ, ಹಿಡುವಳಿಗೆ ಹೊಂದಿಕೊಂಡ ಜಮೀನುಗಳಲ್ಲಿ ಮುಂದುವರಿಸಿರುವುದು ಅನುಭೋಗದ ಸವಲತ್ತನ್ನು. ಸೊಪ್ಪು, ದರಗು (ಒಣ ಎಲೆ) ತರುವ ಹಕ್ಕನ್ನು ತೋರಿಸಿ ಪರಿವರ್ತನೆ ಕೇಳಲು ಬರುವುದಿಲ್ಲ. ಹಿಡುವಳಿ ಎಲ್ಲಿ ಮುಗಿದು ಬೆಟ್ಟ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಭೂಮಾಪಕರಿಂದ ಕಲ್ಲು ಹಾಕಿಸಿ ತಿಳಿಯದೆ ಅರ್ಜಿ ಸಲ್ಲಿಸಬಾರದು. ನಂಬರಿನೊಳಗಿನ ಹಳ್ಳ, ದಾರಿ 'ಬಿ' ಖರಾಬಿನಲ್ಲಿ, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಸಾಗುವಳಿಯಲ್ಲದ ಭಾಗದಲ್ಲಿ, ಇದ್ದರೆ ಅದು ಸಾರ್ವಜನಿಕ ಸ್ವತ್ತು. ಅದನ್ನೂ ಕಳೆದೇ ವಿಸ್ತೀರ್ಣ ಲೆಕ್ಕ ಹಾಕಬೇಕು.

ನನಗೆ ಅತ್ಯಂತ ನೋವು ಕೊಡುವುದು, ಸ್ಥಳ ಪರಿಶೀಲನೆಗೆ ಬಂದವರ ಕಣ್ಣಿಗೆ ಮರ ಬೀಳದಿರಲೆಂದು ಅರ್ಜಿಗೆ ಮೊದಲೇ ಕಾನು ಸವರಿಬಿಡುವ ಪದ್ಧತಿ. ಮತ್ತೆ ಸಸಿ ನೆಟ್ಟರಾಯಿತು ಎನ್ನುವವರಿಗೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನನ್ನು ನೋಡಿಬರಲು ಹೇಳುತ್ತೇನೆ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ (ಜೌಗು ಕಾಡಿನಲ್ಲಿ) ಮರಗಳ ಬೇರುಗಳು ಉಸಿರಾಟಕ್ಕಾಗಿ ಕೆಸರಿನಿಂದ ಮೇಲೆದ್ದು ನಿಂತಿವೆ. ನೆಲದ ತೇವ ಮತ್ತು ನೆರಳು ಹೋದರೆ ಅಂಥ ಮರಕ್ಕೆ ಬದುಕಿಲ್ಲ. ಅಕೇಶಿಯಾ ಅಥವಾ ಸಿಲ್ವರ್ ಓಕ್ ನೆಟ್ಟು ಅದರ ಸ್ಥಾನ ತುಂಬಲಾಗದು.

ಕೆಲವು ವರ್ಷಗಳ ಹಿಂದೆ ನಾಲ್ಕು ಎಕರೆಯ ಕುಟುಂಬವೊಂದು ಇಡೀ ನಂಬರನ್ನು ಪರಿವರ್ತಿಸಲು ಬಯಸಿತ್ತು. ಅವರಿಗೆ ಕಟ್ಟಡಕ್ಕೆ ಬೇಕಿದ್ದದ್ದು ಮೂವತ್ತು ಗುಂಟೆ. ರಸ್ತೆ ಬದಿಯ, ಹಿಂದೆಯೇ ಬೋಳಾಗಿದ್ದ ಖುಷ್ಕಿಯಲ್ಲಿ ಅಷ್ಟಕ್ಕೇ 11ಇ ನಕ್ಷೆ (ನಂಬರಿನ ಒಂದು ಭಾಗವನ್ನು ಬೇರ್ಪಡಿಸಿ ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ಉಳಿದದ್ದನ್ನು ಕೃಷಿಯಲ್ಲೇ ಬಿಡಲು ಸೂಚಿಸಿದೆ. ಶುಲ್ಕವೂ ಕಡಿಮೆಯಾಯಿತು. ಕಾನಿನ ಅಂಚಿನಿಂದ ಕಟ್ಟಡ ಎಷ್ಟು ದೂರವಿರಬೇಕೆಂಬ ಬಗ್ಗೆ ಮನೆಯ ಹಿರಿಯರೊಂದಿಗೆ ಎರಡು ದಿನ ಚರ್ಚೆಯಾಯಿತು. ಕೊನೆಗೆ ಅವರೇ ಒರತೆಯ ಬಳಿ ನಿಂತು, ಹಳ್ಳದ ಈಚೆಗೆ ಯಾವ ಪಾಯವೂ ಬೇಡವೆಂದು ಗೂಟ ಹೊಡೆಸಿದರು.