ರಾಜೀನಾಮೆಗೆ ಸಹಿ ಹಾಕಿಸಿಕೊಂಡಿದ್ದಾರೆ, ಇ.ಎಸ್.ಐ ನಿರುದ್ಯೋಗ ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಏಳು ವರ್ಷ ಪ್ಯಾಕಿಂಗ್ ಕೆಲಸ ಮಾಡಿದ್ದೇನೆ. ಪಗಾರ ತಿಂಗಳಿಗೆ 15,000 ರೂಪಾಯಿ. ಆರ್ಡರ್ ಇಲ್ಲವೆಂದು ಮೂರು ವಾರಗಳ ಹಿಂದೆ ನಮ್ಮಲ್ಲಿ ಹನ್ನೊಂದು ಮಂದಿಯನ್ನು ಬಿಡಿಸಿದರು. ಬಾಕಿ ಪಗಾರ ಬೇಕಾದರೆ ಸಹಿ ಹಾಕಿ ಎಂದು ಮೊದಲೇ ಟೈಪ್ ಮಾಡಿಟ್ಟಿದ್ದ ಕಾಗದ ಕೊಟ್ಟರು. ಅದು ‘ವೈಯಕ್ತಿಕ ಕಾರಣಕ್ಕೆ ರಾಜೀನಾಮೆ’ ಎಂಬ ಪತ್ರ. ಈಗ ಇ.ಎಸ್.ಐ ನಿರುದ್ಯೋಗ ಪರಿಹಾರದ ಮಾತು ಎತ್ತಿದರೆ, ‘ನೀವಾಗಿಯೇ ಬಿಟ್ಟಿದ್ದೀರಿ, ಅದೆಲ್ಲ ನಾವು ಕೊಡುವುದಿಲ್ಲ’ ಎನ್ನುತ್ತಾರೆ. ನಮಗೆ ದಾರಿ ಇದೆಯೇ?

ಉತ್ತರ: ದಾರಿ ಇದೆ. ‘ನಾವು ಕೊಡುವುದಿಲ್ಲ’ ಎಂಬ ಮಾತನ್ನು ಮೊದಲು ಬಿಡಿಸಿಕೊಳ್ಳೋಣ, ಗೊಂದಲದ ಅರ್ಧ ಭಾಗ ಅಲ್ಲೇ ಇದೆ. ಈ ಪರಿಹಾರ ಮಾಲೀಕರ ಜೇಬಿನಿಂದ ಬರುವುದೇ ಇಲ್ಲ. ನಿಮ್ಮ ಪಗಾರದಿಂದ ತಿಂಗಳಿಗೆ ಶೇ. 0.75 ಅಂದರೆ 112 ರೂಪಾಯಿ 50 ಪೈಸೆ, ಮಾಲೀಕರ ಕಡೆಯಿಂದ ಶೇ. 3.25 ಅಂದರೆ 487 ರೂಪಾಯಿ 50 ಪೈಸೆ ಇ.ಎಸ್.ಐ ನಿಗಮಕ್ಕೆ, ಅಂದರೆ ನೌಕರರ ರಾಜ್ಯ ವಿಮಾ ನಿಗಮಕ್ಕೆ, ವಂತಿಗೆಯಾಗಿ ಹೋಗುತ್ತಿತ್ತು. ಪರಿಹಾರ ಕೊಡುವುದು ಆ ನಿಗಮ. ನೀವು ಹನ್ನೊಂದು ಮಂದಿಯೂ ಹಣ ಪಡೆದರೂ ಮಾಲೀಕರಿಗೆ ಅದರಿಂದ ಒಂದು ರೂಪಾಯಿಯ ಹೊರೆಯೂ ಇಲ್ಲ.

ಹಾಗಿದ್ದರೆ ಅವರಿಗೇಕೆ ಈ ಹಟ? ‘ಕೆಲಸ ಇಲ್ಲದ್ದರಿಂದ ತೆಗೆದೆವು’ ಎಂದು ಒಪ್ಪಿಕೊಂಡರೆ ಬೇರೆಯದೇ ಒಂದು ಲೆಕ್ಕ ಎದ್ದು ಬರುತ್ತದೆ. ಒಂದು ವರ್ಷ ನಿರಂತರವಾಗಿ ದುಡಿದ ಕಾರ್ಮಿಕರನ್ನು ಕೆಲಸದ ಕೊರತೆಯಿಂದ ಕಡಿತ ಮಾಡುವಾಗ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅದರ ಬದಲು ಒಂದು ತಿಂಗಳ ಪಗಾರ ಕೊಡಬೇಕು. ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ಪಗಾರ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ನಿಮ್ಮ ಲೆಕ್ಕದಲ್ಲಿ ಏಳು ವರ್ಷಕ್ಕೆ 52,500, ನೋಟಿಸ್ ಬದಲಿಗೆ 15,000, ಒಟ್ಟು 67,500 ರೂಪಾಯಿ. ಹನ್ನೊಂದು ಮಂದಿಗೆ ಎಷ್ಟಾಗುತ್ತದೆ ಎಂದು ನೀವೇ ನೋಡಿ. ಆ ಮೊತ್ತವನ್ನು ಉಳಿಸಿಕೊಳ್ಳುವುದಕ್ಕೇ ರಾಜೀನಾಮೆಯ ಕಾಗದ ಹುಟ್ಟಿದೆ. ನಿಮ್ಮ ಇ.ಎಸ್.ಐ ಪರಿಹಾರಕ್ಕೆ ಬಿದ್ದಿರುವ ಪೆಟ್ಟು ಅದರ ಅಡ್ಡ ಪರಿಣಾಮ. ಆರ್ಡರ್ ನಿಂತ ಸಣ್ಣ ಘಟಕದ ಮಾಲೀಕರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಸಂಕಟವನ್ನು ಹದಿನೈದು ಸಾವಿರ ಪಗಾರದವರ ತಲೆಯ ಮೇಲೆ ಸುಳ್ಳು ಕಾಗದದ ಮೂಲಕ ಹೊರಿಸುವುದನ್ನು ಒಪ್ಪಲು ಸಾಧ್ಯವಿಲ್ಲ.

ಇ.ಎಸ್.ಐನಲ್ಲಿ ಕೆಲಸ ಕಳೆದುಕೊಂಡವರಿಗೆ ಎರಡು ಯೋಜನೆಗಳಿವೆ. ಹೆಚ್ಚಿನವರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. 2018ರ ಜುಲೈ 1ರಿಂದ ಆರಂಭವಾದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಜೀವಮಾನದಲ್ಲಿ ಗರಿಷ್ಠ 90 ದಿನಗಳ ಪರಿಹಾರ ಕೊಡುತ್ತದೆ. ಮೊದಲು ಸರಾಸರಿ ದಿನಗೂಲಿಯ ಶೇ. 25 ಇದ್ದದ್ದನ್ನು ಕೋವಿಡ್ ಕಾಲದಲ್ಲಿ ಶೇ. 50ಕ್ಕೆ ಏರಿಸಿ, ಆ ಸಡಿಲಿಕೆಯನ್ನು ಹಲವು ಸಲ ಮುಂದುವರಿಸಿದ್ದಾರೆ. ಅರ್ಜಿ ಹಾಕುವ ದಿನ ಯಾವ ದರ ನಡೆಯುತ್ತಿದೆ ಎಂದು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ. ಹಿಂದಿನ ನಾಲ್ಕು ವಂತಿಗೆ ಅವಧಿಗಳ, ಅಂದರೆ ಎರಡು ವರ್ಷಗಳ ಒಟ್ಟು ಗಳಿಕೆಯನ್ನು 730ರಿಂದ ಭಾಗಿಸಿ ಸರಾಸರಿ ತೆಗೆಯುತ್ತಾರೆ. ನಿಮ್ಮ ಪಗಾರಕ್ಕೆ ಅದು ದಿನಕ್ಕೆ 493 ರೂಪಾಯಿ. ಅರ್ಧದ ದರದಲ್ಲಿ 90 ದಿನಕ್ಕೆ ಸುಮಾರು 22,000 ರೂಪಾಯಿ ಆಗುತ್ತದೆ. ಸಡಿಲಿಸಿದ ನಿಯಮದಲ್ಲಿ ಎರಡು ವರ್ಷ ವಿಮೆಯಡಿ ಕೆಲಸ ಮಾಡಿರಬೇಕು, ಕೆಲಸ ಹೋಗುವುದಕ್ಕೆ ಮುಂಚಿನ ವಂತಿಗೆ ಅವಧಿಯಲ್ಲಿ 78 ದಿನ ಮತ್ತು ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ತುಂಬಿರಬೇಕು.

ಇನ್ನೊಂದು, 2005ರ ಏಪ್ರಿಲ್ 1ರಿಂದ ಇರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿದಾಗ, ಕಾನೂನುಬದ್ಧ ಕಡಿತವಾದಾಗ ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಗಾಯದಿಂದ ಶೇ. 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯವಾದಾಗ ಇದು ಅನ್ವಯಿಸುತ್ತದೆ. ಮೊದಲ 12 ತಿಂಗಳು ಪಗಾರದ ಅರ್ಧ, ನಂತರದ 12 ತಿಂಗಳು ಕಾಲು ಭಾಗ, ಜೊತೆಗೆ ಕುಟುಂಬಕ್ಕೆ ವೈದ್ಯಕೀಯ ಸೌಲಭ್ಯ. 90 ದಿನ ಎಲ್ಲಿ, ಎರಡು ವರ್ಷ ಎಲ್ಲಿ! ನಿಮ್ಮ ದಾಖಲೆಯಲ್ಲಿ ‘ಕಡಿತ’ ಎಂಬ ಒಂದು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಈ ವ್ಯತ್ಯಾಸ ನಿಂತಿದೆ.

ಆ ಪದ ಕೂರುವ ಜಾಗವನ್ನು ನೀವು ನೋಡಿಯೇ ಇರಲಿಕ್ಕಿಲ್ಲ. ಪ್ರತಿ ತಿಂಗಳು ಮಾಲೀಕರು ಇ.ಎಸ್.ಐ ಜಾಲತಾಣದಲ್ಲಿ ವಂತಿಗೆ ತುಂಬುವಾಗ, ದುಡಿಯದ ಕಾರ್ಮಿಕರ ಹೆಸರಿನ ಮುಂದೆ ಒಂದು ಕಾರಣ ಗುರುತಿಸಬೇಕು. ಸೇವೆ ಬಿಟ್ಟರು, ನಿವೃತ್ತರಾದರು, ಕಡಿತ, ಕೆಲಸವಿಲ್ಲ, ಮುಷ್ಕರ ಅಥವಾ ಬೀಗಮುದ್ರೆ, ಹೀಗೆ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ. ಎಷ್ಟೋ ಕಡೆ ಲೆಕ್ಕ ಬರೆಯುವವರು ಯಾರು ಹೋದರೂ ‘ಸೇವೆ ಬಿಟ್ಟರು’ ಎಂದೇ ಒತ್ತಿಬಿಡುತ್ತಾರೆ. ತಾವಾಗಿಯೇ ಕೆಲಸ ಬಿಟ್ಟವರಿಗೂ ಶಿಸ್ತುಕ್ರಮದಲ್ಲಿ ವಜಾ ಆದವರಿಗೂ ಅಟಲ್ ಯೋಜನೆಯ ಹಣ ಇಲ್ಲ. ಹಾಗಾಗಿ ಆ ಒಂದು ಗುರುತು ನಿಮ್ಮ ಮೂರು ತಿಂಗಳ ದಿನಸಿಯನ್ನು ತೀರ್ಮಾನಿಸುತ್ತದೆ. ವಿಮಾ ಸಂಖ್ಯೆ ಬಳಸಿ ಜಾಲತಾಣದಲ್ಲಿ ನಿಮ್ಮ ವಂತಿಗೆಯ ವಿವರವನ್ನು ಇಂದೇ ನೋಡಿ, ಶಾಖಾ ಕಚೇರಿಯಲ್ಲಿ ಯಾವ ಕಾರಣ ದಾಖಲಾಗಿದೆ ಎಂದು ವಿಚಾರಿಸಿ.

ಈಗ ಗಂಟಿನ ವಿಷಯ. ಸಹಿ ಹಾಕಿದ ರಾಜೀನಾಮೆ ನಿಮ್ಮ ವಿರುದ್ಧದ ದಾಖಲೆ, ಅದನ್ನು ಹಗುರವಾಗಿ ನೋಡಬೇಡಿ. ಆದರೆ ಒತ್ತಾಯದಿಂದ ಪಡೆದ ರಾಜೀನಾಮೆ ಸ್ವಂತ ಇಚ್ಛೆಯ ರಾಜೀನಾಮೆ ಆಗುವುದಿಲ್ಲ, ಮತ್ತು ಒತ್ತಾಯಕ್ಕೆ ಸಾಕ್ಷ್ಯ ನಿಮ್ಮ ಪ್ರಶ್ನೆಯಲ್ಲೇ ಇದೆ. ಹನ್ನೊಂದು ಮಂದಿಗೆ ಒಂದೇ ದಿನ, ಒಂದೇ ಟೈಪಿನಲ್ಲಿ, ಒಂದೇ ‘ವೈಯಕ್ತಿಕ ಕಾರಣ’ ಬರುವುದು ಹೇಗೆ? ಬಾಕಿ ಪಗಾರಕ್ಕೆ ಸಹಿಯ ಷರತ್ತು ಹಾಕಿದ್ದೂ ತಪ್ಪು. ಕೆಲಸದಿಂದ ತೆಗೆದವರಿಗೆ, ರಾಜೀನಾಮೆ ಕೊಟ್ಟವರಿಗೂ ಸಹ, ಎರಡು ಕೆಲಸದ ದಿನಗಳೊಳಗೆ ಬಾಕಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಹನ್ನೊಂದು ಮಂದಿಯೂ ಒಟ್ಟಾಗಿ ಇರಿ. ಒಬ್ಬೊಬ್ಬರೇ ಹೋದರೆ ಒಬ್ಬೊಬ್ಬರನ್ನೇ ಸಮಾಧಾನ ಮಾಡಿ ಕಳಿಸುತ್ತಾರೆ.

ಮಾಲೀಕರಿಗೆ ಕನ್ನಡದಲ್ಲೇ ಪತ್ರ ಬರೆಯಿರಿ: ‘ಇಂಥ ದಿನ ಕೆಲಸವಿಲ್ಲವೆಂದು ನಮ್ಮನ್ನು ಬಿಡಿಸಲಾಯಿತು. ಬಾಕಿ ಪಗಾರ ತಡೆಹಿಡಿಯುವುದಾಗಿ ಹೇಳಿ ಸಹಿ ಪಡೆಯಲಾಯಿತು. ಅದು ನಮ್ಮ ಇಚ್ಛೆಯ ರಾಜೀನಾಮೆ ಅಲ್ಲ. ನಾವು ಕೆಲಸಕ್ಕೆ ಸಿದ್ಧರಿದ್ದೇವೆ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಮುಂದೆ ‘ಹೇಳದೆ ಕೇಳದೆ ಹೋದರು’ ಎಂಬ ವಾದ ಬಂದರೆ ಅದಕ್ಕೆ ಉತ್ತರ ಅಲ್ಲಿರುತ್ತದೆ. ಗೈರುಹಾಜರಿಯ ನೆಪ ಹೇಳಿ ವಿಚಾರಣೆಯಿಲ್ಲದೆ ಹೆಸರು ತೆಗೆದುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1993ರ ಡಿ.ಕೆ. ಯಾದವ್ ಪ್ರಕರಣದಲ್ಲೇ ಹೇಳಿದೆ. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಅದರ ಪ್ರತಿಯೊಂದಿಗೆ ಹುಬ್ಬಳ್ಳಿಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಂಧಾನಕ್ಕೆ ದೂರು ಕೊಡಿ. ಹೊಸ ಸಂಹಿತೆಯಲ್ಲಿ ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹಳೆಯ ಕಾಯ್ದೆಯ ಮೂರು ವರ್ಷದ ಲೆಕ್ಕವನ್ನು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ಕಾನೂನು ನೆರವು ಇದೆ, ಧಾರವಾಡದ ಜಿಲ್ಲಾ ಪ್ರಾಧಿಕಾರದಲ್ಲಿ ಕೇಳಿ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ ನಿಮಗೆ ಹೇಗೂ ಬರಬೇಕು. ರಾಜೀನಾಮೆ ನಿಜವೇ ಆಗಿದ್ದರೂ ಅದನ್ನು ನಿರಾಕರಿಸುವಂತಿಲ್ಲ.

ಗುತ್ತಿಗೆದಾರರ ಮೂಲಕ ದುಡಿದವರು ವಂತಿಗೆ ತುಂಬಿಲ್ಲವೆಂದು ಕೈಚೆಲ್ಲುವುದನ್ನು ಕಂಡಿದ್ದೇನೆ. ವಂತಿಗೆ ತುಂಬುವ ಮೊದಲ ಹೊಣೆ ಮುಖ್ಯ ಮಾಲೀಕರದು, ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳುವುದು ಅವರ ಕೆಲಸ. ನನಗೆ ನೋವು ತರುವುದು ಗದಗ ಕಡೆಯ ಜಿನ್ನಿಂಗ್ ಕಾರ್ಖಾನೆಗಳ ಹೆಣ್ಣುಮಕ್ಕಳ ಸ್ಥಿತಿ. ಹತ್ತಿ ಬಿಡಿಸುವ, ಒತ್ತುವ ಕಾರ್ಖಾನೆಗಳನ್ನು ಕಾಯ್ದೆ ಋತುಮಾನದ ಕಾರ್ಖಾನೆ ಎಂದು ಕರೆದು ಇ.ಎಸ್.ಐಯಿಂದ ಹೊರಗಿಟ್ಟಿದೆ. ಹಂಗಾಮು ಮುಗಿದ ಮೇಲೆ ಖಾಲಿ ಕೂರುವವರಿಗೇ ಈ ಯೋಜನೆಯ ಬಾಗಿಲಿಲ್ಲ.

ನೀವು ಕೆಲಸ ಬಿಟ್ಟು ಮೂರು ವಾರವಾಗಿದೆ. ಅಟಲ್ ಯೋಜನೆಯ ಅರ್ಜಿ 30 ದಿನಗಳ ನಂತರ ಹಾಕಬೇಕು. ಈಗ ಮಾಲೀಕರ ಸಹಿಗೆ ಕಾಯಬೇಕಿಲ್ಲ. ಜಾಲತಾಣದಲ್ಲಿ ನೀವೇ ಅರ್ಜಿ ತುಂಬಿ, ಮುದ್ರಿಸಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ಶಾಖಾ ಕಚೇರಿಗೆ ಕೊಡಬಹುದು. ನಡುವೆ ಒಂಬತ್ತು ದಿನ ಉಳಿದಿವೆ. ಮಾಲೀಕರಿಗೆ ಬರೆಯುವ ಪತ್ರ ಅಷ್ಟರೊಳಗೆ ಅಂಚೆ ಸೇರಿರಲಿ, ಅದರ ಒಂದು ಪ್ರತಿ ನಿಮ್ಮ ಅರ್ಜಿಯ ಜೊತೆಗಿರಲಿ.