ಮೊರಟೋರಿಯಂ ಅಂದರೆ ಬಡ್ಡಿ ಮನ್ನಾ ಅಲ್ಲ

ಶಿಕ್ಷಣ ಸಾಲದ ಮಾತು ಬಂದಲ್ಲೆಲ್ಲ ಈ ವಾಕ್ಯ ಕೇಳಿಬರುತ್ತದೆ: ‘ಮೊರಟೋರಿಯಂ ಮುಗಿಯೋವರೆಗೂ ಬಡ್ಡಿ ಇಲ್ಲ ಬಿಡಿ.’ ಇದೆ. ಸಾಲದ ಹಣ ಕಾಲೇಜಿನ ಖಾತೆಗೆ ಹೋದ ದಿನದಿಂದಲೇ ಬಡ್ಡಿ ಓಡುತ್ತದೆ. ಮೊರಟೋರಿಯಂ ಅಂದರೆ ಕಂತು ಕಟ್ಟುವುದನ್ನು ಬ್ಯಾಂಕು ಮುಂದೂಡಿದ ಅವಧಿ. ಮುಂದಕ್ಕೆ ಹೋಗಿರುವುದು ಕಂತು ಮಾತ್ರ.

ಪದ ಲ್ಯಾಟಿನ್ನಿನದು. ‘ಮೊರಾ’ ಅಂದರೆ ತಡ, ‘ಮೊರಾರಿ’ ಅಂದರೆ ತಡಮಾಡು. ಕೆಲವರು ಇದನ್ನು ‘ಮೋರ್ಟೋರಿಯಂ’ ಎಂದು ಬರೆದು ಮಾರ್ಚುರಿಯ ನೆಂಟನನ್ನಾಗಿ ಮಾಡುತ್ತಾರೆ. ಅದು ಬೇರೆ ಧಾತು, ‘ಮೊರ್ಸ್’, ಸಾವು. ಮಾರ್ಟ್‌ಗೇಜ್ ಹುಟ್ಟಿದ್ದು ಅಲ್ಲಿಂದ: ಹಳೆಯ ಫ್ರೆಂಚಿನಲ್ಲಿ ‘ಸತ್ತ ಒತ್ತೆ’. ಮೊರಟೋರಿಯಂನಲ್ಲಿ ಏನೂ ಸಾಯುವುದಿಲ್ಲ, ಬಡ್ಡಿಯಂತೂ ಖಂಡಿತ ಇಲ್ಲ. ತಮಾಷೆಯೆಂದರೆ, ರೋಮನ್ ಕಾನೂನಿನಲ್ಲಿ ‘ಮೊರಾ’ ಅಂದರೆ ಸಾಲಗಾರ ಗಡುವು ಮೀರಿದ ಸ್ಥಿತಿ, ಆ ತಡಕ್ಕೆ ಬಡ್ಡಿ ಬೀಳುತ್ತಿತ್ತು. ಬಡ್ಡಿಯ ವಾಸನೆ ಈ ಪದದ ಬೇರಿನಲ್ಲೇ ಇದೆ. ಕನ್ನಡದಲ್ಲಿ ಹೇಳಲೇಬೇಕೆಂದರೆ ‘ಕಂತು ಮುಂದೂಡಿಕೆ’ ಸಾಕು, ‘ಸಾಲ ವಿನಾಯಿತಿ’ ಖಂಡಿತ ಬೇಡ. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗಿನ ಕಂತುಗಳಿಗೆ ಮೊರಟೋರಿಯಂ ಕೊಟ್ಟಾಗ ಪದ ಮನೆಮಾತಾಯಿತು, ತಪ್ಪು ಅರ್ಥವೂ ಜೊತೆಗೇ ಬಂತು.

ಲೆಕ್ಕ ನೋಡಿ. ನಾಲ್ಕು ವರ್ಷದ ಕೋರ್ಸು, ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷ, ಬಡ್ಡಿ ಶೇ 10, ಮೊರಟೋರಿಯಂ ಕೋರ್ಸಿನ ಅವಧಿ ಮತ್ತು ಮೇಲೊಂದು ವರ್ಷ. ಈ ಅವಧಿಯಲ್ಲಿ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ್ದು 50,000, ಉಳಿದವಕ್ಕೆ 40, 30, 20 ಸಾವಿರ. ಒಟ್ಟು 1,40,000. ಮೊರಟೋರಿಯಂ ಮುಗಿದ ದಿನ ಇದು ಅಸಲಿಗೆ ಸೇರುತ್ತದೆ, ಸಾಲ 5.4 ಲಕ್ಷವಾಗುತ್ತದೆ. ಹತ್ತು ವರ್ಷದ ಅವಧಿಗೆ ಇಎಂಐ ಸುಮಾರು 7,136 ರೂಪಾಯಿ. ಮೊರಟೋರಿಯಂ ಉದ್ದಕ್ಕೂ ಬಡ್ಡಿ ಕಟ್ಟುತ್ತ ಬಂದಿದ್ದರೆ 5,286. ತಿಂಗಳಿಗೆ 1,850ರ ವ್ಯತ್ಯಾಸ, ಹತ್ತು ವರ್ಷಕ್ಕೆ 2.22 ಲಕ್ಷ. ಮೊದಲ ವರ್ಷದಲ್ಲಿ ಕಟ್ಟಬೇಕಿದ್ದ ಬಡ್ಡಿ ತಿಂಗಳಿಗೆ 833 ರೂಪಾಯಿ, ಕೊನೆಯ ಎರಡು ವರ್ಷಗಳಲ್ಲೂ 3,333 ದಾಟುವುದಿಲ್ಲ. ಹೀಗೆ ಕಟ್ಟುವವರಿಗೆ ಹಲವು ಬ್ಯಾಂಕುಗಳು ಬಡ್ಡಿದರದಲ್ಲಿ ಶೇ 1ರವರೆಗೆ ರಿಯಾಯಿತಿಯನ್ನೂ ಕೊಡುತ್ತವೆ, ಕೇಳಬೇಕು, ಅಷ್ಟೆ.

‘ನಮ್ಮ ಪರಿಚಯದವರು ಬಡ್ಡಿ ಕಟ್ಟಲೇ ಇಲ್ಲವಲ್ಲ’ ಎಂಬ ವಾದ ಬರುತ್ತದೆ. ಅವರದು ಸಬ್ಸಿಡಿ. ಕೇಂದ್ರ ಸರ್ಕಾರದ ಬಡ್ಡಿ ಸಬ್ಸಿಡಿ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು ಭಾರತದಲ್ಲೇ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸು ಓದುವವರ ಮೊರಟೋರಿಯಂ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ಬಡ್ಡಿ ಇರುವುದರಿಂದಲೇ ಅದನ್ನು ಯಾರೋ ಕಟ್ಟಬೇಕಾಗಿ ಬಂದಿದೆ! ಆದಾಯ ಪ್ರಮಾಣಪತ್ರ ಬ್ಯಾಂಕಿಗೆ ಮುಟ್ಟದಿದ್ದರೆ, ಕೋರ್ಸನ್ನು ಅರ್ಧಕ್ಕೆ ಬಿಟ್ಟರೆ, ಸಬ್ಸಿಡಿ ಇಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲ ಯೋಜನೆಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಸಿಗುವುದು ಬಡ್ಡಿಯಲ್ಲಿ ಶೇ 3ರ ಸಹಾಯಧನ. ದರ ಶೇ 10 ಇದ್ದರೆ ಉಳಿದ ಏಳು ನಿಮ್ಮದೇ. ಅದನ್ನೂ ‘ಬಡ್ಡಿರಹಿತ ಸಾಲ’ ಎಂದು ಹಂಚುವವರಿದ್ದಾರೆ.

ಇನ್ನೊಂದು ಗೊಂದಲ: ‘ಕೆಲಸ ಸಿಗುವವರೆಗೆ ಮೊರಟೋರಿಯಂ.’ ಅಲ್ಲ. ಬ್ಯಾಂಕು ನೋಡುವುದು ಮಂಜೂರಾತಿ ಪತ್ರದಲ್ಲಿರುವ ದಿನಾಂಕವನ್ನು. ಪಾಸಾಗದ ವಿಷಯ ಉಳಿದು ಕೋರ್ಸು ಮುಂದೆ ಹೋದರೂ ಆ ದಿನಾಂಕ ತಾನಾಗಿ ಮುಂದೆ ಹೋಗುವುದಿಲ್ಲ. ಕಾಲೇಜಿನ ಪತ್ರದೊಂದಿಗೆ ಶಾಖೆಗೆ ಲಿಖಿತ ಮನವಿ ಕೊಟ್ಟು ಅವಧಿ ವಿಸ್ತರಿಸಿಕೊಳ್ಳಬೇಕು. ಕೊಡದಿದ್ದರೆ ಕಂತು ಶುರುವಾಗಿರುವುದು ನಿಮಗೇ ಗೊತ್ತಿರುವುದಿಲ್ಲ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ), ಜಂಟಿ ಸಹಿ ಹಾಕಿದ ಅಪ್ಪನ ಸಿಬಿಲ್ ಅಂಕವೂ (ಸಾಲ ತೀರಿಸುವ ನಂಬಿಕೆಯ ಅಳತೆ) ಜೊತೆಗೇ ಇಳಿಯುತ್ತದೆ.