ಸಮುವೇಲ: ಹನ್ನಳು ಮಗನಿಗೆ ಆ ಹೆಸರನ್ನೇ ಏಕೆ ಇಟ್ಟಳು?

ಪ್ರಶ್ನೆ: ಮೊಮ್ಮಗನಿಗೆ ಸಮುವೇಲ ಎಂದು ಹೆಸರಿಡಬೇಕೆಂದಿದ್ದೇವೆ. ದೀಕ್ಷಾಸ್ನಾನದ ಆಮಂತ್ರಣದಲ್ಲಿ ಹೆಸರಿನ ಅರ್ಥವನ್ನೂ ಅಚ್ಚು ಹಾಕಿಸುವ ಆಸೆಯಿದೆ. ಕೆಲವರು ‘ದೇವರು ಕೇಳಿದನು’ ಎನ್ನುತ್ತಾರೆ, ಕೆಲವರು ‘ದೇವರ ಹೆಸರು’ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಅಕ್ಷರಗಳನ್ನು ನೋಡಿದರೆ ‘ದೇವರ ಹೆಸರು’ ಎಂಬ ಅರ್ಥವೇ ಹೆಚ್ಚು ಸರಿಹೊಂದುತ್ತದೆ. ಬೈಬಲಿನ ಹಳೆಯ ಒಡಂಬಡಿಕೆಯ ಮೂಲಭಾಷೆಯಾದ ಹೀಬ್ರೂವಿನಲ್ಲಿ ಈ ಹೆಸರು ಶೆಮೂಏಲ್. ಶೇಮ್ ಎಂದರೆ ಹೆಸರು, ಏಲ್ ಎಂದರೆ ದೇವರು. ನಡುವಿನ ‘ಊ’ಕಾರವು ಎರಡು ಪದಗಳನ್ನು ಬೆಸೆಯುವ ಹಳೆಯ ಪ್ರತ್ಯಯವಿರಬೇಕು, ಯಾಕೋಬನು ‘ದೇವರ ಮುಖ’ ಎಂದು ಕರೆದ ಸ್ಥಳಕ್ಕೆ ಪೆನೀಏಲ್ ಎಂದೂ ಪೆನೂಏಲ್ ಎಂದೂ ಎರಡು ರೂಪಗಳಿರುವುದನ್ನು ಆದಿಕಾಂಡದ 32ನೆಯ ಅಧ್ಯಾಯದಲ್ಲಿ ಕಾಣಬಹುದು. ‘ಕೇಳಿಸಿಕೊಳ್ಳು’ ಎಂಬರ್ಥದ ಶಾಮಾ ಧಾತುವಿನ ಕೊನೆಗೆ ಗಂಟಲಿನಿಂದ ಹೊರಡುವ ‘ಅಯಿನ್’ ಎಂಬ ಅಕ್ಷರವಿದೆ. ‘ದೇವರು ಕೇಳುತ್ತಾನೆ’ ಎಂಬರ್ಥದ ಇಷ್ಮಾಯೇಲ ಎಂಬ ಹೆಸರಿನಲ್ಲಿ ಅದು ಉಳಿದುಕೊಂಡಿದೆ, ಸಮುವೇಲನ ಹೆಸರಿನಲ್ಲಿ ಇಲ್ಲ.

ಆದರೆ ಬೈಬಲಿನ ಪ್ರವಾದಿ ಸಮುವೇಲನನ್ನು ಹೆತ್ತ ತಾಯಿ ಕೊಡುವ ಕಾರಣ ಈ ಎರಡೂ ಅಲ್ಲ. ಮಕ್ಕಳಿಲ್ಲದ ಕೊರಗಿನಿಂದ ಶೀಲೋವಿನ ಆಲಯದಲ್ಲಿ ತುಟಿಯಷ್ಟೇ ಅಲುಗುವಂತೆ ಪ್ರಾರ್ಥಿಸಿ, ಯಾಜಕನಾದ ಏಲಿಯಿಂದ ಕುಡಿದವಳೆಂಬ ಮಾತನ್ನೂ ಕೇಳಿಸಿಕೊಂಡಿದ್ದ ಹನ್ನಳು, ಮಗು ಹುಟ್ಟಿದಾಗ, ಇವನನ್ನು ಯೆಹೋವನಿಂದ ಬೇಡಿ ಪಡೆದೆನೆಂದು ಹೇಳಿ ಹೆಸರಿಡುತ್ತಾಳೆ (1 ಸಮುವೇಲ 1:20). ಬೇಡು ಎಂಬುದಕ್ಕೆ ಅಲ್ಲಿರುವ ಧಾತು ಶಾಅಲ್. ಆ ಒಂದೇ ಅಧ್ಯಾಯದಲ್ಲಿ ಅದು ಏಳು ಸಲ ಬರುತ್ತದೆ, ಏಳನೆಯ ಸಲ ‘ಶಾಊಲ್’ ಎಂಬ ರೂಪದಲ್ಲಿ. ಇಸ್ರಾಯೇಲಿನ ಮೊದಲ ಅರಸನಾದ ಸೌಲನ ಹೆಸರು ಅಕ್ಷರಶಃ ಅದೇ! ಆದ್ದರಿಂದಲೇ ಈ ಜನನದ ಕಥೆ ಮೂಲದಲ್ಲಿ ಸೌಲನದಾಗಿದ್ದಿರಬೇಕೆಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ.

ಆ ವಾದವನ್ನು ನಾನು ಒಪ್ಪುವುದಿಲ್ಲ. ಹೀಬ್ರೂ ಕಥನದಲ್ಲಿ ಹೆಸರಿನ ವಿವರಣೆಯೆಂದರೆ ನಿಘಂಟಿನ ವ್ಯುತ್ಪತ್ತಿಯಲ್ಲ; ಧ್ವನಿ ಹತ್ತಿರವಾದರೆ ಸಾಕು, ತಾಯಿಯ ಅನುಭವ ಅದರೊಳಗೆ ಸೇರಿಕೊಳ್ಳುತ್ತದೆ. ಮೇಲಾಗಿ ಎಂಟನೆಯ ಅಧ್ಯಾಯದಲ್ಲಿ ಜನರು ಅರಸನು ಬೇಕೆಂದು ಸಮುವೇಲನನ್ನೇ ಬೇಡುವಾಗಲೂ ಇದೇ ಧಾತು ಬರುತ್ತದೆ. ಹನ್ನಳು ಬೇಡಿ ಪಡೆದವನನ್ನು ದೇವರಿಗೇ ಒಪ್ಪಿಸಿದಳು, ಜನರು ಬೇಡಿ ಪಡೆದದ್ದು ಸೌಲನನ್ನು. ಈ ಎರಡು ಬೇಡಿಕೆಗಳನ್ನು ಓದುಗನು ಒಟ್ಟಿಗಿಟ್ಟು ನೋಡಲೆಂದೇ ಕಥೆಗಾರನು ಆ ಪದವನ್ನು ಮೊದಲ ಅಧ್ಯಾಯದಿಂದಲೇ ಕಿವಿಗೆ ಹಾಕುತ್ತಾ ಬಂದಿದ್ದಾನೆಂದು ನನಗನ್ನಿಸುತ್ತದೆ.

‘ದೇವರು ಕೇಳಿದನು’ ಎಂಬ ಅರ್ಥ ಜನರ ಬಾಯಲ್ಲಿ ನಿಂತದ್ದಕ್ಕೂ ಕಾರಣವಿದೆ. ಮೂರನೆಯ ಅಧ್ಯಾಯದಲ್ಲಿ ರಾತ್ರಿ ತನ್ನನ್ನು ಕರೆದ ದನಿಗೆ ಬಾಲಕ ಸಮುವೇಲನು, ನಿನ್ನ ದಾಸನು ಕೇಳುತ್ತಿದ್ದಾನೆಂದು ಉತ್ತರಿಸುವಾಗ ಬರುವುದು ಶಾಮಾ ಧಾತುವೇ. ಬೇಡುವುದಕ್ಕೆ ಒಂದು, ಆಲಿಸುವುದಕ್ಕೆ ಇನ್ನೊಂದು ಎಂದು ಹೀಬ್ರೂ ಎರಡು ಕ್ರಿಯಾಪದಗಳನ್ನು ಇಟ್ಟುಕೊಂಡಿರುವ ಕಡೆ ನಮ್ಮ ಕನ್ನಡಕ್ಕೆ ‘ಕೇಳು’ ಎಂಬ ಒಂದೇ ಪದ ಸಾಕು: ಹನ್ನಳು ಕೇಳಿದಳು, ದೇವರೂ ಕೇಳಿದನು.

ಆಮಂತ್ರಣದಲ್ಲಿ ‘ಸಮುವೇಲ: ದೇವರ ಹೆಸರು’ ಎಂದು ಅಚ್ಚು ಹಾಕಿಸಿ, ಅದರ ಕೆಳಗೆ ಹನ್ನಳ ಮಾತಿರುವ 1:20ನೆಯ ವಚನವನ್ನು ಸೇರಿಸಿದರೆ ಯಾವ ತಪ್ಪೂ ಆಗುವುದಿಲ್ಲ.